ಲಾಂಚ್ ವಿಡಿಯೋ ನೋಡುವ ತನಕ ಸುಮ್ನಿರಿ ಅಂತ ಕೇಳುವುದು ತಪ್ಪಾ?

ತಡವಾಗಿ ಬಂದವಳು: ಹೊಸ ಫೋನಿನ ಲಾಂಚ್ ಮುಗಿದು ಆರು ಗಂಟೆ ಆಯಿತು. ಅದು ನಡೆಯುವಾಗ ನಾನು ಕೆಲಸದಲ್ಲಿದ್ದೆ. ಆಮೇಲೆ ಕೂತು ಪೂರ್ತಿ ನೋಡೋಣ ಅಂತ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿದೆ, ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿದೆ. ಈಗ ವಿಡಿಯೋ ಹುಡುಕಲು ಹೋದರೆ ಪಕ್ಕದ ಪಟ್ಟಿಯಲ್ಲೇ ಫೋನಿನ ಬೆನ್ನು ಕಾಣಿಸಿಬಿಡುವುದರಲ್ಲಿತ್ತು. ಪರದೆಗೆ ಅಂಗೈ ಅಡ್ಡ ಹಿಡಿದು ಲಿಂಕ್ ಒತ್ತಬೇಕಾಯಿತು. ಹೋದ ಸಲ ಪರದೆಯ ಕೆಳಗಡೆ ಒಂದು ಕಾಗದದ ಪಟ್ಟಿ ಅಂಟಿಸಿಕೊಂಡು ನೋಡಿದ್ದೆ. ಇನ್ನೆಷ್ಟು ನಿಮಿಷ ಉಳಿದಿದೆ ಅಂತ ಕಂಡರೆ, ಕೊನೆಗೆ ಇನ್ನೊಂದು ಸಾಮಾನು ಬರುತ್ತದಾ ಇಲ್ವಾ ಅನ್ನುವುದೂ ಗೊತ್ತಾಗಿಬಿಡುತ್ತದೆ. ನಾನು ಕೇಳುವುದಿಷ್ಟೇ. ಒಂದು ದಿನದ ಮಟ್ಟಿಗೆ, ಪೋಸ್ಟಿನ ತಲೆಬರಹದಲ್ಲಿ ವಿಷಯ ಬಿಟ್ಟುಕೊಡಬೇಡಿ. ಒಳಗೆ ಏನು ಬೇಕಾದರೂ ಬರೆದುಕೊಳ್ಳಿ.

ಕಡ್ಡಿಮುರಿ: ಜಾಹೀರಾತಿಗೂ ಸ್ಪಾಯ್ಲರಾ, ಮೊದಲೇ ಹೇಳಿ ಮಜಾ ಕೆಡಿಸೋದಾ? ಅಂಗಡಿಯವನು ಬೆಲೆ ಹೇಳಿಯಾನು ಅಂತ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವ ಗಿರಾಕಿಯನ್ನು ನಾನು ಈಗಲೇ ನೋಡಿದ್ದು. ಅಷ್ಟಕ್ಕೂ 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಣ್ಣಕಥೆಗಳನ್ನು ಓದಿಸಿ ಪರೀಕ್ಷೆ ಮಾಡಿದ್ದಾರೆ. ಕೊನೆ ಮೊದಲೇ ಗೊತ್ತಿದ್ದವರಿಗೇ ಕಥೆ ಜಾಸ್ತಿ ಹಿಡಿಸಿತ್ತು. ನಿಮಗೆ ಉಪಕಾರವೇ ಆಗುತ್ತಿದೆ ಮೇಡಂ.

ವನಜಾಕ್ಷಿ: ಅರ್ಧ ಮಾತ್ರ ಹೇಳಿದಿರಿ. 2015ರಲ್ಲಿ ಇನ್ನೊಂದು ಅಧ್ಯಯನ ಬಂತು. ಸ್ಪಾಯ್ಲರ್ ಸಿಕ್ಕವರಿಗೆ ಕಥೆ ರುಚಿಸಿದ್ದು ಕಡಿಮೆ ಅಂತ ಅದರಲ್ಲಿದೆ. ಅದನ್ನು ಓದುವಷ್ಟರಲ್ಲಿ ಕಣ್ಣು ನೋಯಿತಾ?

ಕಡ್ಡಿಮುರಿ: ಎರಡೂ ಕಥೆಗಳ ಮೇಲೆ ಮಾಡಿದ್ದು. ಫೋನಿನ ಮೇಲಲ್ಲ.

ವನಜಾಕ್ಷಿ: ಹಾಗಾದರೆ ಮೊದಲನೆಯದನ್ನು ಎಳೆದು ತಂದಿದ್ದು ಯಾರು ಸ್ವಾಮಿ?

ಹಳೇಮೌಸ್: "ಜಾಹೀರಾತು" ಅಂದಿರಲ್ಲ ಕಡ್ಡಿಮುರಿ, ಅಲ್ಲೇ ಗೊತ್ತಾಯಿತು ನಿಮ್ಮ ವಯಸ್ಸು. 2007ರ ಜನವರಿ 9, ಸ್ಯಾನ್ ಫ್ರಾನ್ಸಿಸ್ಕೋ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ನಿಂತು ಇವತ್ತು ಮೂರು ಸಾಧನ ತಂದಿದ್ದೇವೆ ಅಂದರು. ಅಗಲ ಪರದೆಯ ಐಪಾಡ್, ಒಂದು ಫೋನ್, ಒಂದು ಇಂಟರ್ನೆಟ್ ಸಾಧನ. ಅದನ್ನೇ ಮತ್ತೆ ಮತ್ತೆ ಹೇಳಿದರು. ಮೂರೂ ಒಂದೇ, ಮೊದಲನೇ ಐಫೋನ್ ಅಂತ ಸಭೆಗೆ ನಿಧಾನಕ್ಕೆ ಹೊಳೆಯಿತು, ಜನ ಕೂಗಿದರು. ನಾನು ಅದನ್ನು ಲೈವ್ ನೋಡಿದವನು. ಮೈ ಜುಮ್ ಅಂದಿತ್ತು. ಯಾರಾದರೂ ಮೊದಲೇ ಹೇಳಿಬಿಟ್ಟಿದ್ದರೆ ಆ ಕ್ಷಣ ಎಲ್ಲಿ ಸಿಗುತ್ತಿತ್ತು?

ಲೆಕ್ಕ ಪಕ್ಕಾ: ಲೈವ್ ನೋಡಿದಿರಾ? ಸಭಾಂಗಣದಲ್ಲೇ ಇದ್ದಿರಾ?

ಹಳೇಮೌಸ್: ಕಂಪ್ಯೂಟರಿನಲ್ಲಿ.

ಲೆಕ್ಕ ಪಕ್ಕಾ: ಆ ದಿನ ಲೈವ್ ವಿಡಿಯೋ ಪ್ರಸಾರವೇ ಇರಲಿಲ್ಲ. ಸಭೆಯಲ್ಲಿ ಕೂತ ಪತ್ರಕರ್ತರು ನಿಮಿಷ ನಿಮಿಷಕ್ಕೂ ಸಾಲು ಬರೆದು ಹಾಕುತ್ತಿದ್ದರು. ನಾವೆಲ್ಲ ಪುಟ ರಿಫ್ರೆಶ್ ಮಾಡುತ್ತಾ ಕೂತಿದ್ದೆವು. ವಿಡಿಯೋ ಬಂದಿದ್ದು ಕಾರ್ಯಕ್ರಮ ಮುಗಿದ ಮೇಲೆ.

ಹಳೇಮೌಸ್: ನಾನು ಕಣ್ಣಾರೆ ನೋಡಿದ್ದನ್ನು ನೀವು ಇಲ್ಲ ಅನ್ನುತ್ತೀರಾ?

ಲೆಕ್ಕ ಪಕ್ಕಾ: ನೋಡಿಲ್ಲ ಅಂತ ಹೇಳಲಿಲ್ಲ. ಲೈವ್ ಅಲ್ಲ ಅಂದೆ. ಕೆಲವು ವರ್ಷ ನಿಂತುಹೋಗಿದ್ದ ಆಪಲ್‌ನವರ ಲೈವ್ ಪ್ರಸಾರ ಮತ್ತೆ ಶುರುವಾಗಿದ್ದು 2010ರ ಸೆಪ್ಟೆಂಬರ್ 1ಕ್ಕೆ. ಅದನ್ನು ನೋಡಲು ಅವರದೇ ಮ್ಯಾಕ್, ಐಫೋನ್, ಐಪ್ಯಾಡ್ ಇಂಥದ್ದೇನಾದರೂ ಬೇಕಿತ್ತು. ಮ್ಯಾಕ್ ಕಂಪ್ಯೂಟರ್ ಆದರೆ ಸ್ನೋ ಲೆಪರ್ಡ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಅದರಲ್ಲೂ ಸಫಾರಿ ಬ್ರೌಸರೇ ಆಗಬೇಕಿತ್ತು. ಆಗ ಅದೇ ಒಂದು ಸುದ್ದಿಯಾಗಿತ್ತು.

ಬಿಡುಗಣ್ಣ: ನಿಂತುಹೋಗಿತ್ತು ಅಂದರೆ ಅದಕ್ಕೂ ಮುಂಚೆ ಇತ್ತು ಅಂತಾಯಿತಲ್ಲ. ಮೌಸಣ್ಣ ಗೆದ್ದರು.

ಲೆಕ್ಕ ಪಕ್ಕಾ: ಅದಕ್ಕೂ ಮುಂಚೆ ಅವರದೇ ವಿಡಿಯೋ ತಂತ್ರಾಂಶ ಕ್ವಿಕ್‌ಟೈಮ್‌ನಲ್ಲಿ ಇತ್ತು, ಹೌದು. 2007ರಲ್ಲಿ ಇರಲಿಲ್ಲ. ಎರಡೂ ನಿಜ.

ಹಳೇಮೌಸ್: ಈಗ "ಇತ್ತು" ಅಂತ ನೀವೇ ಒಪ್ಪಿಕೊಂಡಿರಿ. ಮುಗಿಯಿತು.

ಲೆಕ್ಕ ಪಕ್ಕಾ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ಇದಕ್ಕೇ.

ಹಳೇಮೌಸ್: ಏಯ್, ಮೊಲ ಗಿಲ ಅಂತ ನನ್ನ ಹತ್ತಿರ ಇಟ್ಕೋಬೇಡ. ನೀನು ಕಂಪ್ಯೂಟರ್ ಮುಟ್ಟುವ ಮೊದಲೇ ನಾನು ಫೋನ್ ಲೈನಿನ ಮಾಡೆಮ್ ಕಿರುಚುವುದನ್ನು ಕೇಳಿದವನು.

ಲೆಕ್ಕ ಪಕ್ಕಾ: ಏಕವಚನ ಬೇಡ. ತಾರೀಕು ಹೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಬಿಡುಗಣ್ಣ: ಮಾಡೆಮ್‌ನಲ್ಲಿ ಲೈವ್ ವಿಡಿಯೋ! ಜಾಬ್ಸ್ ಕೈ ಎತ್ತಿದ್ದು ಇವರಿಗೆ ಮಾರನೇ ದಿನ ಕಂಡಿರಬೇಕು.

ಹಳೇಮೌಸ್: 2007ರಲ್ಲಿ ನನ್ನ ಹತ್ತಿರ ಬ್ರಾಡ್‌ಬ್ಯಾಂಡ್ ಇತ್ತು ಕಣಯ್ಯಾ. ಮಾಡೆಮ್ ಅದಕ್ಕೂ ಹಿಂದಿನ ಮಾತು. ಓದಲು ಬರುತ್ತದೋ ಇಲ್ಲವೋ?

ನಿರ್ವಾಹಕ: ನೀವು ಅನ್ನಿ, ಎಲ್ಲರೂ. ವಿಷಯಕ್ಕೆ ಬನ್ನಿ.

ಕಡ್ಡಿಮುರಿ: ವಿಷಯಕ್ಕೇ ಬರುತ್ತೇನೆ. ಐಫೋನ್ 4ರ ಮಾದರಿ 2010ರ ಏಪ್ರಿಲ್‌ನಲ್ಲೇ ಗಿಜ್ಮೋಡೋ ಅನ್ನುವ ಟೆಕ್ ಸುದ್ದಿ ತಾಣದವರ ಕೈಗೆ ಸಿಕ್ಕಿ, ಬಿಚ್ಚಿ ತೋರಿಸಿದ್ದರು. ಜೂನ್‌ನಲ್ಲಿ ಜಾಬ್ಸ್ ವೇದಿಕೆ ಮೇಲೆ ಅದನ್ನೇ ತಮಾಷೆ ಮಾಡಿದರು. ಫೋನು ಮೂರೇ ದಿನದಲ್ಲಿ 17 ಲಕ್ಷ ಹೋಯಿತು. ಏನು ಹಾಳಾಯಿತು, ಹೇಳಿ?

ವನಜಾಕ್ಷಿ: ಹಾಳಾಯಿತಾ ಅಂತ ಕಂಪನಿಯವರು ಕೇಳಲಿಲ್ಲ, ನೋಡುವವಳು ಕೇಳಿದಳು. ಅವಳಿಗೆ 17 ಲಕ್ಷ ಕಟ್ಟಿಕೊಂಡು ಏನಾಗಬೇಕು?

ಕಡ್ಡಿಮುರಿ: ಕಂಪನಿಗೇ ಬೇಡವಾದ ಗುಟ್ಟು ನಿಮಗ್ಯಾಕೆ? 2019ರ ಜೂನ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನ ಚಿತ್ರವನ್ನು ತಾನೇ ಹಾಕಿತು, ಲಾಂಚ್ ಇದ್ದದ್ದು ಅಕ್ಟೋಬರ್‌ನಲ್ಲಿ. 2017ರಲ್ಲಿ ಐಫೋನ್ 10ರ ಹೆಸರು ಕಾರ್ಯಕ್ರಮಕ್ಕೆ ಮೊದಲೇ ಐಫೋನಿನ ತಂತ್ರಾಂಶ ಐಓಎಸ್ 11ರ ಫೈಲುಗಳಿಂದ ಆಚೆ ಬಂದಿತ್ತು. ಒಂದು ಹೊಸ ಬಣ್ಣಕ್ಕೆ ಇಷ್ಟೊಂದು ರಂಪ ಯಾಕೆ ಅಂತ.

ತಡವಾಗಿ ಬಂದವಳು: ಹೊಸ ಬಣ್ಣ ಇದೆಯಾ?

ಕಡ್ಡಿಮುರಿ: ಪ್ರತಿ ವರ್ಷ ಒಂದು ಇರುತ್ತದೆ. ಅದನ್ನು ಹೇಳಲು ಲಾಂಚ್ ನೋಡಬೇಕಾಗಿಲ್ಲ.

ತಡವಾಗಿ ಬಂದವಳು: ಆರು ಗಂಟೆ ತಡೆದುಕೊಂಡಿದ್ದೆ. ನಾನೇ ಶುರು ಮಾಡಿದ ಚರ್ಚೆಯಲ್ಲಿ ಹೋಯಿತು.

ಬಿಡುಗಣ್ಣ: ಯಾವ ಬಣ್ಣ ಅಂತ ಹೇಳಲಿಲ್ಲವಲ್ಲ. ಅದು ಸ್ಪಾಯ್ಲರ್ ಹೇಗಾಗುತ್ತದೆ? ನಾಳೆ ಮಳೆ ಬರಬಹುದು ಅಂದಂತೆ ಅಷ್ಟೇ.

ವನಜಾಕ್ಷಿ: ಆಗುತ್ತದೆ. ಇನ್ನು ಅವರು ವಿಡಿಯೋ ಪೂರ್ತಿ ಬಣ್ಣಕ್ಕೇ ಕಾಯುತ್ತಾ ಕೂರುತ್ತಾರೆ. ಬೇರೆ ಯಾವುದೂ ತಲೆಗೆ ಹೋಗುವುದಿಲ್ಲ.

ಕಡ್ಡಿಮುರಿ: ಬೇರೆ ಏನಿದೆ ತಲೆಗೆ ಹೋಗಲಿಕ್ಕೆ? ಆಪಲ್‌ನವರದು 2020ರಿಂದ ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋ. ಉಳಿದವರೂ ಅದನ್ನು ನೋಡಿ ಕಲಿತರು. ಈಗ ಯಾವುದೂ ಕೆಡುವುದಿಲ್ಲ, ಯಾರೂ ತಡವರಿಸುವುದಿಲ್ಲ. ಮುಂಚೆ ಒಂದು ಸೊಗಸಿತ್ತು. 1998ರಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲಿ ನಿಂತಿರುವಾಗಲೇ ವಿಂಡೋಸ್ 98 ಓಡುತ್ತಿದ್ದ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿದರು, ಕಂಪ್ಯೂಟರ್ ಕೆಟ್ಟು ನೀಲಿ ಪರದೆ ಬಂತು. 2010ರಲ್ಲಿ ಐಫೋನ್ 4ರ ಡೆಮೋ ನಡೆಯುವಾಗ ವೈ-ಫೈ ಸತ್ತುಹೋಗಿ, ಸಭೆಯಲ್ಲಿ 570 ವೈ-ಫೈ ಬೇಸ್ ಸ್ಟೇಷನ್, ಅಂದರೆ ವೈ-ಫೈ ಹಂಚುವ ಸಾಧನ ಓಡುತ್ತಿವೆ, ದಯವಿಟ್ಟು ಆಫ್ ಮಾಡಿ ಅಂತ ಜಾಬ್ಸ್ ಬೇಡಿಕೊಂಡರು. ಅಂಥದ್ದನ್ನು ಯಾರಾದರೂ ಮೊದಲೇ ಹೇಳಿದರೆ ನನಗೂ ಬೇಜಾರಾಗುತ್ತದೆ.

ವನಜಾಕ್ಷಿ: "ನನಗೂ ಬೇಜಾರಾಗುತ್ತದೆ." ಇದನ್ನು ಉಳಿಸಿಟ್ಟುಕೊಳ್ಳುತ್ತೇನೆ.

ಕಡ್ಡಿಮುರಿ: ಡೆಮೋ ಕೆಡುವುದಕ್ಕೆ ಅಂದೆ. ಬಣ್ಣಕ್ಕಲ್ಲ.

ಹಳೇಮೌಸ್: 570 ಅಂತ ನಿಖರವಾಗಿ ಹೇಳಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ನಾನು ಲೈವ್ ಅಂದರೆ ಮಾತ್ರ ಕೋರ್ಟು, ಕಟಕಟೆ.

ಲೆಕ್ಕ ಪಕ್ಕಾ: 570 ಸರಿಯಾಗಿದೆ, ಅದಕ್ಕೆ ಕೇಳಲಿಲ್ಲ.

ಹಳೇಮೌಸ್: ಹಳೇ ಹಾರ್ಡ್ ಡಿಸ್ಕ್ ತೆಗೆಯುತ್ತಿದ್ದೇನೆ. ಆ ವಿಡಿಯೋ ಫೈಲ್ ಇನ್ನೂ ಇಟ್ಟಿದ್ದೇನೆ. ತಾರೀಕು ಸಮೇತ ಹಾಕುತ್ತೇನೆ, ಆಮೇಲೆ ಮಾತಾಡೋಣ.

ಬಿಡುಗಣ್ಣ: ಫೈಲ್ ಇಳಿಸಿಕೊಂಡಿದ್ದೀರಿ ಅಂದರೆ ಅದು ಲೈವ್ ಅಲ್ಲ ಅಂತ ಆಗಲಿಲ್ವಾ?

ಹಳೇಮೌಸ್: ಲೈವ್ ನೋಡಿ ಆಮೇಲೆ ಇಳಿಸಿಕೊಳ್ಳಬಾರದು ಅಂತ ಕಾನೂನಿದೆಯಾ?

ಬಿಡುಗಣ್ಣ: ಇಲ್ಲ. ನಿಮಗೆ ಮಾತ್ರ ಒಂದು ಮಾಡಿಸಬೇಕು.

ತಡವಾಗಿ ಬಂದವಳು: ವಿಡಿಯೋ ಶುರು ಮಾಡಿದ್ದೇನೆ. ಕಾಗದದ ಪಟ್ಟಿ ಅಂಟಿಸಿದೆ. ಹತ್ತು ನಿಮಿಷ ಆಯಿತು, ಬಣ್ಣ ಇನ್ನೂ ಬಂದಿಲ್ಲ. ವನಜಾಕ್ಷಿ ಹೇಳಿದ್ದು ಸರಿ, ವಾಚಿನ ಬಗ್ಗೆ ಏನೋ ಹೇಳಿದರು, ಒಂದೂ ಕೇಳಿಸಿಕೊಂಡಿಲ್ಲ.

ಬಿಡುಗಣ್ಣ: ವಾಚೂ ಬಂತಾ? ನಾನೂ ಇನ್ನೂ ನೋಡಿರಲಿಲ್ಲ!

ನಿರ್ವಾಹಕ: ತಲೆಬರಹದಲ್ಲಿ ವಿಷಯ ಬರೆದ ಮೂರು ಪೋಸ್ಟುಗಳ ಹೆಸರು ಬದಲಾಯಿಸಿದ್ದೇನೆ. ನಾಳೆ ಈ ಹೊತ್ತಿನ ತನಕ ಹಾಗೇ ಇರುತ್ತದೆ.

ಕಡ್ಡಿಮುರಿ: ಅದರಲ್ಲಿ ಎರಡು ನನ್ನವು. ಆ ತಲೆಬರಹ ಚೆನ್ನಾಗಿತ್ತು.

ಹಳೇಮೌಸ್: ಸಿಕ್ಕಿತು! ಫೈಲ್ ಇದೆ, ತಾರೀಕೂ ಇದೆ. 2007ರ ಜನವರಿ 10. ನೋಡಿಕೊಳ್ಳಿ ಎಲ್ಲರೂ.

ಲೆಕ್ಕ ಪಕ್ಕಾ: ಹತ್ತಾ?

ಹಳೇಮೌಸ್: ನಡುರಾತ್ರಿ ದಾಟಿತ್ತು.