ಶಾರ್ಟ್‌ಕಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಕಂಪ್ಯೂಟರ್ ಏನು ಮಾಡಬೇಕು?

ಪ್ರಶ್ನೆ: ಡಿಟಿಪಿ ಅಂಗಡಿಯಿಂದ

ನಮ್ಮದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನ್ ಎಲ್ಲ ಮಾಡುತ್ತೇವೆ. ಮದುವೆ ಸೀಸನ್ ಬಂತೆಂದರೆ ಒಂದು ತೊಂದರೆ ತಪ್ಪಿದ್ದಲ್ಲ. ಗಿರಾಕಿ ಪೆನ್‌ಡ್ರೈವ್ ಕೊಟ್ಟು, "ಫೋಟೋ ಎಲ್ಲ ಇದರಲ್ಲೇ ಇದೆ ಮೇಡಂ" ಅನ್ನುತ್ತಾರೆ. ತೆರೆದರೆ ಒಂದು ಹಳದಿ ಫೋಲ್ಡರ್, ಅದರ ಎಡ ಮೂಲೆಯಲ್ಲಿ ಪುಟ್ಟ ಬಾಣ, ಅಂದರೆ ಬರೀ ಶಾರ್ಟ್‌ಕಟ್. ಸೈಜ್ 2 ಕೆಬಿ. ಫೋಟೋಗಳು ಅವರ ಮನೆ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೇ ಉಳಿದಿವೆ. ಹಳ್ಳಿಯಿಂದ ಬಸ್ಸಿಗೆ ಬಂದವರು ಬರಿಗೈಲಿ ವಾಪಸ್ ಹೋಗಬೇಕು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಡೆಸ್ಕ್‌ಟಾಪ್ ಮೇಲೆ ಆ ಐಕಾನ್ ಒತ್ತಿದಾಗಲೆಲ್ಲ ಫೋಟೋ ಬಂದಿದೆ. ಅದೇ ಫೋಟೋ ಫೋಲ್ಡರ್ ಅಂತ ನಂಬುವುದು ಸಹಜ ಅಲ್ವಾ?

ಡಬಲ್ ಕ್ಲಿಕ್ ಮಾಡಿದರೆ ಒರಿಜಿನಲ್ ತೆರೆಯಬೇಕು, ಸರಿ. ಡಿಲೀಟ್ ಮಾಡಿದರೆ ಶಾರ್ಟ್‌ಕಟ್ ಮಾತ್ರ ಹೋಗಬೇಕು, ಅದೂ ಸರಿ. ಆದರೆ ಬೇರೆ ಡ್ರೈವ್‌ಗೆ ಕಾಪಿ ಮಾಡುವಾಗ ಸುಮ್ನೆ 2 ಕೆಬಿ ಕಳಿಸಿ ಕೂತರೆ ಹೇಗೆ? "ಒರಿಜಿನಲ್ ಕೂಡ ಬೇಕಾ" ಅಂತ ಒಂದು ಮಾತು ಕೇಳಬಾರದಾ?

ಉತ್ತರ 1

ಮೇಡಂ, ವಿಂಡೋಸ್ 95ರಲ್ಲಿ ಶುರುವಾದ ಶಾರ್ಟ್‌ಕಟ್ ಇವತ್ತಿಗೂ ಒಂದು ಪುಟ್ಟ ಫೈಲ್, ಅಷ್ಟೇ. ಒರಿಜಿನಲ್ ಎಲ್ಲಿದೆ ಅನ್ನೋ ವಿಳಾಸ ಅದರೊಳಗಿರುತ್ತದೆ. ಕಾಪಿ ಮಾಡಿದಾಗ ಆ ವಿಳಾಸದ ಚೀಟಿ ಮಾತ್ರ ಹೋಗುತ್ತದೆ.

ಯಾವಾಗಲೂ ಒರಿಜಿನಲ್ಲೇ ಹೋಗಲಿ ಅನ್ನುವಂತೆಯೂ ಇಲ್ಲ. ಶಾರ್ಟ್‌ಕಟ್ ಕೆಲವೊಮ್ಮೆ ಪ್ರೋಗ್ರಾಮಿನದಾಗಿರುತ್ತೆ. ಅದರ ಒಂದು ಫೈಲ್ ಒಯ್ದರೆ ಬೇರೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಓಡಲ್ಲ. ಹಾಗಾಗಿ ನಿಮ್ಮ "ಕೇಳಬೇಕು" ಅನ್ನೋದು ಫೈಲ್, ಫೋಲ್ಡರುಗಳ ಮಟ್ಟಿಗೆ ಸರಿ.

ಇನ್ನೊಂದು ಕಿರಿಕಿರಿ ಇದೆ. ಫೈಲ್ ಹೆಸರಿನ ಎಕ್ಸ್‌ಟೆನ್ಷನ್ (ಫೈಲಿನ ಬಗೆ ಹೇಳುವ ಕೊನೆಯ ಅಕ್ಷರಗಳು) ತೋರಿಸು ಅಂತ ಸೆಟ್ಟಿಂಗ್ ಹಾಕಿದರೂ ಶಾರ್ಟ್‌ಕಟ್ಟಿನ ಡಾಟ್ ಎಲ್‌ಎನ್‌ಕೆ ಕಾಣುವುದೇ ಇಲ್ಲ. ಗುರುತಿಗೆ ಆ ಪುಟ್ಟ ಬಾಣವೇ ಗತಿ.

ಉತ್ತರ 2

ಲಿನಕ್ಸ್‌ನಲ್ಲಿ ಶಾರ್ಟ್‌ಕಟ್ ಥರ ನಾವು ಬಳಸೋದು ಸಿಮ್‌ಲಿಂಕ್, ಅದೂ ಒರಿಜಿನಲ್ಲಿನ ವಿಳಾಸ ಹೇಳುವ ಲಿಂಕೇ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ, ಅದರಲ್ಲಿ ಸಿಮ್‌ಲಿಂಕ್ ಇಡಲು ಆಗಲ್ಲ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಬರೀ ಸಿಪಿ ಅನ್ನೋ ಕಾಪಿ ಕಮಾಂಡ್ ಕೊಟ್ಟು ಒಂದು ಫೈಲಿನ ಲಿಂಕ್ ಕಾಪಿ ಮಾಡಿದರೆ ಒರಿಜಿನಲ್ಲೇ ಬರುತ್ತದೆ. ಲಿಂಕನ್ನು ಲಿಂಕಾಗಿಯೇ ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ. ಎರರ್ ಬಂದರೆ ಒಳ್ಳೆಯದೇ ಅಂತೀನಿ. ಕೆಲಸ ಆಗಿಲ್ಲ ಅಂತ ಮನೆಯಲ್ಲೇ ಗೊತ್ತಾಗುತ್ತೆ, ನಿಮ್ಮ ಅಂಗಡಿಗೆ ಬಂದಮೇಲಲ್ಲ.

ಉತ್ತರ 3

ಮ್ಯಾಕ್‌ನಲ್ಲಿ ಇದಕ್ಕೆ ಏಲಿಯಾಸ್ ಅಂತಾರೆ, 1991ರ ಸಿಸ್ಟಮ್ 7ರಿಂದ ಇದೆ. ಒರಿಜಿನಲ್ಲನ್ನು ಅದೇ ಡಿಸ್ಕಿನಲ್ಲಿ ಬೇರೆ ಫೋಲ್ಡರಿಗೆ ಹಾಕಿ, ಹೆಸರು ಬದಲಿಸಿ, ಏಲಿಯಾಸ್ ಹುಡುಕಿಕೊಂಡು ಹೋಗುತ್ತದೆ. ಫೈಲಿಗೆ ಡಿಸ್ಕಿನಲ್ಲಿ ಇರುವ ನಂಬರನ್ನೂ ಅದು ನೆನಪಿಟ್ಟುಕೊಂಡಿರುತ್ತದೆ. ಮೊದಲು ನಂಬರ್ ನೋಡಿ ಆಮೇಲೆ ವಿಳಾಸ ನೋಡುತ್ತಿತ್ತು. 2002ರ 10.2 ಆವೃತ್ತಿಯಿಂದ ಮೊದಲು ವಿಳಾಸ, ಅಲ್ಲಿ ಸಿಗದಿದ್ದರೆ ನಂಬರ್. ಮೇಡಂ, ನಿಮ್ಮ ಕೆಲಸಕ್ಕೆ ಯಾವುದು ಸರಿಹೋಗುತ್ತೆ?

ಪ್ರಶ್ನೆ ಕೇಳಿದವರಿಂದ

ನನಗೆ ಮೊದಲು ವಿಳಾಸವೇ ಬೇಕು ಸರ್. ಒಂದು ಉದಾಹರಣೆ ಕೊಡ್ತೀನಿ. ಕಾರ್ಡಿನ ಮಾದರಿ ಫೈಲಿಗೆ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇದೆ. ವರ್ಷ ತಿರುಗಿದಮೇಲೆ ಹಳೇ ಮಾದರಿಯನ್ನು ಬ್ಯಾಕಪ್ ಫೋಲ್ಡರಿಗೆ ಹಾಕಿ, ಅದೇ ಜಾಗದಲ್ಲಿ ಅದೇ ಹೆಸರಿನ ಹೊಸ ಮಾದರಿ ಇಡ್ತೀನಿ. ಆಗ ಶಾರ್ಟ್‌ಕಟ್ ಒತ್ತಿದರೆ ಹೊಸದೇ ಬರಬೇಕು. ಹಳೆಯದನ್ನು ಹುಡುಕಿಕೊಂಡು ಬ್ಯಾಕಪ್ಪಿಗೆ ಹೋದರೆ, ಕೆಲಸಕ್ಕಿರುವ ಹುಡುಗ ಗೊತ್ತಿಲ್ಲದೆ ಅದರ ಮೇಲೇ ಹೊಸ ಹೆಸರು ಟೈಪ್ ಮಾಡಿ ಸೇವ್ ಮಾಡಿಬಿಡ್ತಾನೆ.

ಆ ಜಾಗದಲ್ಲಿ ಏನೂ ಇಲ್ಲದಿದ್ದರೆ ಹುಡುಕಲಿ, ಬೇಡ ಅನ್ನಲ್ಲ. ಆದರೆ ಸಿಕ್ಕಿದ್ದನ್ನು ತಾನೇ ತೆರೆಯಬಾರದು. "ಫೈಲ್ ಈಗ ಇಲ್ಲಿದೆ, ತೆರೆಯಲಾ" ಅಂತ ಕೇಳಬೇಕು. ಹಳೇ ವಿಂಡೋಸ್‌ನಲ್ಲಿ ಫೈಲ್ ಸಿಗದಿದ್ದರೆ ಸೈಜ್, ತಾರೀಕು, ಬಗೆ ನೋಡಿ ಹತ್ತಿರದ್ದೊಂದನ್ನು ತೋರಿಸುತ್ತಿತ್ತು. ನಮ್ಮಲ್ಲಿ ಎಲ್ಲ ಕಾರ್ಡುಗಳ ಸೈಜೂ ಹೆಚ್ಚು ಕಮ್ಮಿ ಒಂದೇ. ಒಬ್ಬರ ಮನೆ ಮದುವೆಗೆ ಇನ್ನೊಬ್ಬರ ಮನೆಯ ಮುಹೂರ್ತ ಅಚ್ಚಾದರೆ ಗತಿ ಏನು? ಊಹೆ ಮಾಡೋದು ಶಾರ್ಟ್‌ಕಟ್ಟಿನ ಕೆಲಸ ಅಲ್ಲ.

ಲಿನಕ್ಸ್ ಸರ್ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಎರರ್ ಬಂದರೂ ಪರವಾಗಿಲ್ಲ, ಬಾಯಿ ಬಿಟ್ಟು ಹೇಳಲಿ. ಕಾಪಿ ಆಗಿದೆ ಅಂತ ನಂಬಿಸಿ ಕಳಿಸೋದೇ ದೊಡ್ಡ ಅನ್ಯಾಯ.

ಸದ್ಯಕ್ಕೆ ಗಿರಾಕಿಗಳಿಗೆ ಫೋನಲ್ಲೇ ಹೇಳ್ತಿದ್ದೀನಿ: ಬಾಣ ಇರುವ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಅಥವಾ ಓಪನ್ ಫೋಲ್ಡರ್ ಲೊಕೇಶನ್ ಒತ್ತಿ, ಅಲ್ಲಿ ಕಾಣುವ ಫೋಲ್ಡರನ್ನೇ ಕಾಪಿ ಮಾಡಿ. ಹೊರಡುವ ಮುಂಚೆ ಪೆನ್‌ಡ್ರೈವ್‌ನಲ್ಲಿ ಸೈಜ್ ನೋಡಿ. ಫೋಟೋ ಅಂದರೆ ಎಂಬಿ ಲೆಕ್ಕದಲ್ಲಿ ಇರಲೇಬೇಕು.