ಅಪ್‌ಡೇಟ್: ಕೊನೆಗೂ 400 ವೋಲ್ಟ್ ಬಂತು

ವಿಕಿರಣ ಪತ್ತೆ ಹಚ್ಚುವ ಗೈಗರ್ ಟ್ಯೂಬಿಗಾಗಿ 5 ವೋಲ್ಟ್‌ನಿಂದ 400 ವೋಲ್ಟ್ ಪಡೆಯಲು ಅಂಗಡಿಯಲ್ಲಿ ಸಿಗುವ 1:10 ಕಪಲ್ಡ್ ಇಂಡಕ್ಟರ್ (ಒಂದೇ ಕೋರ್ ಮೇಲೆ ಪ್ರೈಮರಿ, ಸೆಕೆಂಡರಿ ಎಂಬ ಎರಡು ಸುರುಳಿ; ಸುತ್ತುಗಳ ಅನುಪಾತ 1:10) ಸಾಕೇ, ಪ್ರೈಮರಿಯ ಕರೆಂಟನ್ನು ಬಿಟ್ಟು ಕಡಿಯುವ ಸ್ವಿಚ್ಚಾದ ಮಾಸ್ಫೆಟ್ ಏಕೆ ಸುಡುತ್ತಿದೆ ಎಂದು ಕೇಳಿದ್ದೆ. ಇಂಡಕ್ಟರ್ ಸಾಕು, ತಪ್ಪು ನನ್ನದೇ. ಔಟ್‌ಪುಟ್‌ನ 400 ವೋಲ್ಟ್ ಪ್ರೈಮರಿಯಲ್ಲಿ 40 ಆಗಿ ಕಾಣುತ್ತದೆ. ಇನ್‌ಪುಟ್‌ನ 5 ಸೇರಿದರೆ ಮಾಸ್ಫೆಟ್ ಮೇಲೆ 45. ಹಾಗಾಗಿ 60 ವೋಲ್ಟ್ ತಡೆಯುವ ಮಾಸ್ಫೆಟ್ ಧಾರಾಳವೆಂದುಕೊಂಡೆ. ಲೀಕೇಜ್ ಇಂಡಕ್ಟೆನ್ಸ್ (ಪ್ರೈಮರಿಯಿಂದ ಸೆಕೆಂಡರಿಗೆ ದಾಟದೆ ಉಳಿಯುವ ಇಂಡಕ್ಟೆನ್ಸ್) ಸ್ವಿಚ್ ಆಫ್ ಆದಾಗ ಎಬ್ಬಿಸುವ ಸ್ಪೈಕ್, ಅಂದರೆ ಕ್ಷಣಿಕ ವೋಲ್ಟೇಜ್ ಏರಿಕೆ, ಲೆಕ್ಕದಲ್ಲೇ ಇರಲಿಲ್ಲ. ಆಸಿಲೋಸ್ಕೋಪ್ ಹಚ್ಚಿದರೆ 70 ವೋಲ್ಟ್ ಹತ್ತಿರ ಸ್ಪೈಕ್‌ನ ತಲೆ ಚಪ್ಪಟೆಯಾಗಿತ್ತು: ಪಾಪದ ಮಾಸ್ಫೆಟ್ ಪ್ರತಿ ಸೈಕಲ್‌ನಲ್ಲೂ ಬ್ರೇಕ್‌ಡೌನ್ ಆಗುತ್ತಿತ್ತು. 100 ವೋಲ್ಟ್‌ನದನ್ನು ಹಾಕಿ, ಸ್ಪೈಕ್ ತಗ್ಗಿಸುವ ಸ್ನಬರ್ ಸೇರಿಸಿದೆ. ನಿಧಾನದ 1ಎನ್4007 ಡಯೋಡ್ ತೆಗೆದು ವೇಗದ ಯುಎಫ್4007 ಕೂರಿಸಿದೆ.

ಆಮೇಲೂ ಮಲ್ಟಿಮೀಟರ್ 272 ಎಂದೇ ಹಟ ಹಿಡಿಯಿತು. ಒಂದು ಸಂಜೆ ಹಾಳಾಯಿತು. ಟ್ಯೂಬಿಗೆ ಸರಣಿಯಲ್ಲಿರುವ 4.7 ಮೆಗಾಓಮ್ ಆನೋಡ್ ರೆಸಿಸ್ಟರಿನ ಆಚೆ ಅಳೆಯುತ್ತಿದ್ದೆ, ಮೀಟರಿನ ಒಳಗಿನ ರೆಸಿಸ್ಟೆನ್ಸೇ 10 ಮೆಗಾಓಮ್! 400 ವೋಲ್ಟ್ ಎರಡರ ನಡುವೆ ಹಂಚಿಹೋಗಿ ಮೀಟರಿನ ಪಾಲಿಗೆ 272 ಉಳಿಯುತ್ತಿತ್ತು.