ಚಳಿಗಾಲದಲ್ಲಿ ನಾಲೆ, ಹಳ್ಳಗಳಲ್ಲಿ ಕೊರಮೀನಿಗೆ ಗಾಳ: ಅನುಭವ ಇರೋರು ಹೇಳಿ

ಮಂಡ್ಯದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮಂಡ್ಯಕ್ಕೆ ಬಂದು ನೆಲೆಸಿದ್ದೇನೆ. ಮನೆಯಿಂದ ಸ್ವಲ್ಪ ದೂರದಲ್ಲೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲು ಹರಿಯುತ್ತೆ, ಅದರ ಪಕ್ಕದಲ್ಲಿ ಗದ್ದೆಗಳ ಬಸಿನೀರು ಸೇರುವ ಹಳ್ಳ ಇದೆ. ಮಳೆಗಾಲದಲ್ಲಿ ಆ ಹಳ್ಳದಲ್ಲಿ ಕೊರಮೀನು ಚೆನ್ನಾಗಿ ಸಿಗುತ್ತಿತ್ತು. ಡಿಸೆಂಬರ್ ಬಂದ ಮೇಲೆ ಒಂದೂ ಕಚ್ಚುತ್ತಿಲ್ಲ. ಅಮೆರಿಕದವರು ಚಳಿಯಲ್ಲಿ ಸಣ್ಣ ಹಳ್ಳಗಳಲ್ಲಿ ಬ್ಯಾಸ್ ಮೀನು ಹಿಡಿಯುವ ವಿಡಿಯೋ ತುಂಬಾ ನೋಡುತ್ತೇನೆ. ಅವರು ಹೇಳುವ ಹಾಗೆ ಆಳದ ಗುಂಡಿ ಹುಡುಕಿ, ಎರೆಯನ್ನು ತಳಕ್ಕೆ ಬಿಟ್ಟು, ನಿಧಾನಕ್ಕೆ ಎಳೆಯುತ್ತಿದ್ದೇನೆ. ಬೆಳಕು ಹರಿಯುವ ಮೊದಲೇ ಹೋಗಿ ಕೂರುತ್ತೇನೆ. ಈ ಕಾಲಕ್ಕೆ ಯಾವ ಹೊತ್ತು, ಯಾವ ಜಾಗ, ಯಾವ ಎರೆ ಸರಿ? ಗಾಳ ಹಾಕೋಕೆ ಯಾರನ್ನಾದರೂ ಕೇಳಬೇಕಾ? ತಿಳಿದವರು ದಯವಿಟ್ಟು ಹೇಳಿ.

ಪಾಂಡವಪುರದಿಂದ:

ಸಾರ್, ಬ್ಯಾಸ್‌ಗೆ ಹೇಳಿದ ಮಾತು ನಮ್ಮ ಕೊರಮೀನಿಗೆ ಅರ್ಧ ಮಾತ್ರ ಒಪ್ಪುತ್ತೆ. ಎರಡೂ ಜೊಂಡು, ಬೇರು, ಬಿದ್ದ ಕೊಂಬೆ ಇಂಥ ಮರೆಯಲ್ಲಿ ಹೊಂಚು ಹಾಕೋ ಮೀನೇ. ಅದಕ್ಕೇ ಬ್ಯಾಸ್‌ಗೆ ಅಂತ ಮಾಡಿದ ರಬ್ಬರ್ ಕಪ್ಪೆ, ಚಮಚದ ತಗಡು ಎಲ್ಲಾ ಇಲ್ಲೂ ಕೆಲಸ ಮಾಡ್ತವೆ. ವ್ಯತ್ಯಾಸ ಇರೋದು ಉಸಿರಾಟದಲ್ಲಿ. ಬ್ಯಾಸ್ ಕಿವಿರಿನಲ್ಲೇ ಉಸಿರಾಡುತ್ತೆ, ಎಷ್ಟು ಹೊತ್ತು ಬೇಕಾದರೂ ತಳದಲ್ಲಿ ಬಿದ್ದಿರಬಹುದು. ಕೊರಮೀನಿಗೆ ಕಿವಿರು ಸಾಲಲ್ಲ. ತಲೆಯೊಳಗೆ ಗಾಳಿ ತುಂಬಿಕೊಳ್ಳೋ ಬೇರೆ ಅಂಗ ಇದೆ, ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಮೇಲೆ ಬರೋಕೆ ಬಿಡದೆ ನೀರೊಳಗೇ ಹಿಡಿದಿಟ್ಟರೆ ಉಸಿರುಕಟ್ಟಿ ಸಾಯುತ್ತೆ. ಹಾಗಿರುವಾಗ ಅದು ಚಳಿಗೆ ಹೆದರಿ ಆಳಕ್ಕೆ ಇಳಿದು ಕೂರಲ್ಲ. ಮೊಣಕಾಲುದ್ದ ನೀರಲ್ಲಿ, ಅಂತರಗಂಗೆ ಅಂಚಲ್ಲಿ, ಕೆಸರಿಗೆ ಹೊಟ್ಟೆ ಹಚ್ಚಿಕೊಂಡು ಸುಮ್ಮನೆ ಇರುತ್ತೆ.

ಇನ್ನೊಂದು ವಿಷಯ. ಆ ದೇಶದ ಹಳ್ಳಗಳಲ್ಲಿ ನೀರು 10 ಡಿಗ್ರಿಗಿಂತ ಕೆಳಗೆ ಹೋಗುತ್ತೆ, ಅಲ್ಲಿ ಆಳದ ನೀರೇ ಬೆಚ್ಚಗೆ. ನಮ್ಮಲ್ಲಿ ಬೆಳಗಿನ ಜಾವದ ಗಾಳಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ನೀರು ಅಷ್ಟು ತಣ್ಣಗಾಗಲ್ಲ. ತೆಳು ನೀರಿಗೆ ಬಿಸಿಲು ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕಾಯುತ್ತೆ. ಮೀನಿನ ಮೈಯ ಬಿಸಿ ನೀರಿನ ಬಿಸಿಯೇ, ಅದು ಏರಿದಾಗಲೇ ಹಸಿವು. ಆದ್ದರಿಂದ ಬೆಳಕು ಹರಿಯೋ ಮುಂಚೆ ಹೋಗೋದು ಬೇಸಿಗೆಗೆ ಸರಿ, ಈಗ ಬೇಡ. ತಿಂಡಿ ತಿಂದುಕೊಂಡು ಹತ್ತೂವರೆಗೆ ಹೋಗಿ, ಮೂರೂವರೆವರೆಗೆ ಇರಿ. ರಾತ್ರಿ ಚಳಿ ಎಷ್ಟೇ ಇರಲಿ, ಹಗಲು ಆಕಾಶ ತಿಳಿಯಾಗಿ ಗಾಳಿ ಇಲ್ಲದ ದಿನ ಒಳ್ಳೇದು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಇಲ್ಲಿ ಮೋಡ ಮುಸುಕಿ ಜಿನುಗು ಹಿಡಿದಿದ್ದರೆ ಮನೆಯಲ್ಲೇ ಇರಿ.

ಜಾಗ ನೋಡುವಾಗ ದಿಕ್ಕು ನೋಡಿ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಪೂರ್ವ ಪಶ್ಚಿಮವಾಗಿ ಹರಿಯೋ ಹಳ್ಳದಲ್ಲಿ ದಕ್ಷಿಣದ ದಡದ ನೆರಳು ಆ ಕಡೆಯ ನೀರಿನ ಮೇಲೇ ಬೀಳುತ್ತೆ, ಉತ್ತರದ ದಡದ ಅಂಚಿಗೆ ದಿನವಿಡೀ ಬಿಸಿಲು. ಮೀನು ಅಲ್ಲಿರುತ್ತೆ. ಹೋದ ತಕ್ಷಣ ಗಾಳ ಬೀಸಬೇಡಿ. ನೆರಳು ನೀರಿನ ಮೇಲೆ ಬೀಳದ ಹಾಗೆ ಕೂತು ಸುಮ್ಮನೆ ನೀರು ನೋಡಿ. ಎಲ್ಲೋ ಒಂದು ಕಡೆ ಬಾಯಿ ಮೇಲೆ ಬಂದು ಗುಳಕ್ ಅಂತ ಗಾಳಿ ನುಂಗಿ ಒಳಗೆ ಹೋಗುತ್ತೆ, ಒಂದೆರಡು ಗುಳ್ಳೆ ಉಳಿಯುತ್ತೆ. ಮಳೆಗಾಲದಲ್ಲಿ ಇದು ಬೇಗ ಬೇಗ ಕಾಣುತ್ತೆ, ಚಳಿಯಲ್ಲಿ ಮೈ ಮಂದವಾಗಿ ಗಾಳಿಯ ಅಗತ್ಯವೂ ಕಡಿಮೆ, ತುಂಬಾ ಹೊತ್ತು ಕಾಯಬೇಕು. ಆ ಗುಳ್ಳೆ ಎದ್ದ ಕಡೆಯಿಂದ ಎರಡು ಮೊಳ ಆಚೆ ಎರೆ ಇಳಿಸಿ ಅದರ ಮುಂದಕ್ಕೆ ತನ್ನಿ. ನಿಧಾನಕ್ಕೆ ಎಳೆಯೋದು ಅಂತ ಆ ವಿಡಿಯೋದವರು ಹೇಳೋದು ಮಾತ್ರ ನೂರಕ್ಕೆ ನೂರು ಸರಿ. ಚಳಿಯಲ್ಲಿ ಕೊರಮೀನು ಅಟ್ಟಿಸಿಕೊಂಡು ಬರಲ್ಲ, ಮೂತಿ ಹತ್ತಿರ ಬಂದದ್ದನ್ನ ಮಾತ್ರ ಹಿಡಿಯುತ್ತೆ.

ಮಂಡ್ಯ ತಾಲ್ಲೂಕಿನ ಒಬ್ಬ ರೈತರಿಂದ:

ಪಾಂಡವಪುರದೋರು ಏಳಿದ್ದು ದಿಟ ಕಣ್ರಪ್ಪ. ಅದ್ರ ಮ್ಯಾಲೆ ನಂದೊಂದ್ ಮಾತು. ಮೀನು ಉಡುಕೋಕ್ ಮುಂಚೆ ನಾಲೇಲಿ ನೀರು ಯಾವಾಗ ನಿಲ್ಲುಸ್ತಾರೆ ಅಂತ ತಿಳ್ಕಳಿ. ಭತ್ತ ಕುಯ್ಲಿಗ್ ಬಂದಂಗೆ ನೀರು ಸಾಕು ಅಂತಾರೆ. ಆಮ್ಯಾಕೆ ಕಟ್ಟು ಪದ್ಧತಿ, ಇಷ್ಟು ದಿನ ಬುಡೋದು, ಇಷ್ಟು ದಿನ ನಿಲ್ಸೋದು. ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬಿದ್ ವರ್ಸ ಒಂದ್ ಲೆಕ್ಕ, ತುಂಬ್ದೆ ಇದ್ದ ವರ್ಸ ಇನ್ನೊಂದ್ ಲೆಕ್ಕ. ತೂಬು ನೋಡ್ಕೊಳೋ ನಿಮ್ಮೂರ್ ನೀರಗಂಟಿನ ಕೇಳಿದ್ರೆ ಏಳ್ತಾನೆ.

ನೀರು ನಿಂತ ಮ್ಯಾಲೆ ನಾಲೇಲಿದ್ದ ಮೀನೆಲ್ಲಾ ತಗ್ಗಿಗೆ ಸೇರ್ತವೆ. ತೂಬಿನ ಕೆಳಗೆ, ನೀರು ಧುಮುಕ್ತಿದ್ ತಾವ ಕೊರೆದಿರೋ ಗುಂಡಿ, ಸೇತುವೆ ಕಂಬದ ಬುಡ, ಬಸಿಗಾಲುವೆ ಅಳ್ಳಕ್ಕೆ ಸೇರೋ ಮೂಲೆ, ಇಂಥ ಕಡೆ ನೋಡಿ. ನೀರು ನಿಲ್ಸಿದ್ ದಿನವೇ ಓದ್ರೆ ನೀರು ಬಗ್ಗಡ, ಏನೂ ಕಾಣಕಿಲ್ಲ. ಎರಡ್ ಮೂರ್ ದಿನ ಬುಟ್ಟು ತಿಳಿ ಆದ್ಮ್ಯಾಲೆ ಓಗಿ. ಗದ್ದೆ ಕುಯ್ದ ಮ್ಯಾಲೆ ಬದಿನಲ್ಲಿದ್ದ ಕಪ್ಪೆ, ಏಡಿ, ಮಿಡತೆ ಎಲ್ಲಾ ಅಳ್ಳದ ಅಂಚಿಗೆ ಬತ್ತವೆ, ಅವುನ್ನ ತಿನ್ನಕ್ಕೆ ಕೊರಮೀನೂ ಬತ್ತದೆ. ನಮ್ಮೂರಲ್ಲಿ ಈಗ ಆಕೋದು ಎರೆಹುಳ, ದಪ್ಪಂದು, ಎರಡ್ ಮೂರು ಸೇರ್ಸಿ ಗಾಳಕ್ಕೆ ಏರ್ಸಿ ಬೆಂಡು ಕಟ್ಟಿ ಬುಡೋದು. ಇಲ್ಲಾ ಬೆರಳುದ್ದದ ಪುಟ್ಟ ಮೀನು.

ಇನ್ನೊಂದು ಏಳ್ಲೇಬೇಕು. ನೀರು ನಿಂತಾಗ ಕೆಲವ್ರು ಗುಂಡಿಗೆ ಬ್ಲೀಚಿಂಗ್ ಪುಡಿ ಸುರೀತಾರೆ, ತೋಟೆ (ಸಿಡಿಮದ್ದು) ಆಕ್ತಾರೆ. ಕಾಳಷ್ಟು ಮರಿನೂ ಬುಡ್ದಂಗೆ ಸತ್ತೋಯ್ತವೆ. ಅದೇ ನೀರು ದನ ಕುಡೀತವೆ. ಅಂಥದ್ದು ಕಂಡ್ರೆ ಊರೋರಿಗೆ ಏಳಿ, ಪೊಲೀಸ್ರಿಗೂ ಏಳಿ, ಸುಮ್ಕೆ ಬರ್ಬೇಡಿ.

ಮೈಸೂರಿನಿಂದ:

ಆಳದ ಗುಂಡಿ ವ್ಯರ್ಥ ಅನ್ನೋದನ್ನ ನಾನು ಒಪ್ಪಲ್ಲ. ಕೊರಮೀನಿಗೆ ಬೇಡ ಇರಬಹುದು, ಗೆಂಡೆಗೆ ಬೇಕು. ಕಾಮನ್ ಕಾರ್ಪ್ ತಂಪು ದೇಶದಿಂದ ಬಂದ ಮೀನು, ನಮ್ಮ ಡಿಸೆಂಬರ್ ಜನವರಿ ಅದಕ್ಕೆ ಚಳಿಯೇ ಅಲ್ಲ. ಕೊರಮೀನು ಮಂಕಾದ ದಿನವೂ ಗೆಂಡೆ ತಳ ಕೆದಕಿಕೊಂಡು ಮೇಯುತ್ತಿರುತ್ತೆ. ಹುಣಸೂರು ಕಡೆ ಲಕ್ಷ್ಮಣತೀರ್ಥದ ನಿಂತ ಮಡುಗಳಲ್ಲಿ ಚಳಿಗಾಲದಲ್ಲಿ ನಾನು ಹಾಕೋದೇ ಇದಕ್ಕೆ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ, ಸ್ವಲ್ಪ ಬೆಲ್ಲ ಹಾಕಿ ಗಟ್ಟಿಯಾಗಿ ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ. ತಳಕ್ಕೆ ಬಿಟ್ಟು ಮರೆತುಬಿಡಬೇಕು. ಜಿಲೇಬಿ ಮೀನಿನ ಆಸೆ ಈಗ ಇಟ್ಟುಕೊಳ್ಳಬೇಡಿ. ಅದು ಆಫ್ರಿಕದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು, ನೀರು ತಂಪಾದರೆ ಮೇಯೋದನ್ನ ತುಂಬಾ ಕಡಿಮೆ ಮಾಡುತ್ತೆ. ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಬೇಡ ಅಂದರೂ ಕಚ್ಚುತ್ತೆ.

ಮಂಡ್ಯದಿಂದ, ಕೇಳಿದವರು:

ಎಲ್ಲರಿಗೂ ಧನ್ಯವಾದ. ಇನ್ನೂ ಎರಡು ಪ್ರಶ್ನೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲೇ ದೊಡ್ಡ ಮೀನಿಗೆ ಪ್ರಯತ್ನಿಸಬಹುದಾ? ಮತ್ತೆ, ಹಳ್ಳದಲ್ಲಿ ಕಪ್ಪಗಿನ, ಮೀಸೆ ಇರುವ ಒಂದು ಮೀನು ಸಿಕ್ಕಿತ್ತು. ಪಕ್ಕದಲ್ಲಿದ್ದವರು ಮುಟ್ಟಬೇಡಿ ಅಂದರು.

ಶ್ರೀರಂಗಪಟ್ಟಣದಿಂದ, ಒಬ್ಬ ಅಕ್ಕ:

ಅದು ಚೇಳು ಮೀನು ತಮ್ಮ. ಕಿವಿರಿನ ಪಕ್ಕದ ಈಜುರೆಕ್ಕೆಯಲ್ಲಿ ವಿಷದ ಮುಳ್ಳು ಇರುತ್ತೆ. ಕೈಯಲ್ಲಿ ಬಿಡಿಸಬೇಡಿ, ಇಕ್ಕಳ ಇಟ್ಟುಕೊಳ್ಳಿ, ಇಲ್ಲದಿದ್ದರೆ ದಾರ ಕತ್ತರಿಸಿ. ಚುಚ್ಚಿದರೆ ಚರ್ಮ ಸುಡದಷ್ಟು, ತಡೆಯೋಕೆ ಆಗುವಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿಡಿ, ನೋವು ಇಳಿಯುತ್ತೆ. ಊತ ಬಂದರೆ ಆಸ್ಪತ್ರೆಗೆ ಹೋಗಿ.

ಹೊಳೆ ಬಗ್ಗೆ ಖಡಾಖಂಡಿತವಾಗಿ ಹೇಳ್ತೀನಿ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿದೆ. ಅಲ್ಲಿ ಗಾಳ ಹಾಕೋ ಮಾತೇ ಇಲ್ಲ. ಆ ಗಡಿಯ ಆಚೆಗೂ ನಮ್ಮ ಹೊಳೆಯಲ್ಲಿ ಮೊಸಳೆ ಇವೆ. ಬೇಸಿಗೆಗಿಂತ ಚಳಿಗಾಲದಲ್ಲಿ ಅವು ಕಣ್ಣಿಗೆ ಬೀಳೋದು ಜಾಸ್ತಿ, ಯಾಕಂದ್ರೆ ಮೈ ಕಾಯಿಸಿಕೊಳ್ಳೋಕೆ ಬಂಡೆ ಮೇಲೆ, ಮರಳ ದಿಬ್ಬದ ಮೇಲೆ ಬಂದು ಮಲಗ್ತವೆ. ನೀವು ಹತ್ತು ಗಂಟೆ ಬಿಸಿಲಿಗೆ ದಡಕ್ಕೆ ಹೋಗೋ ಹೊತ್ತೇ ಅವುಗಳ ಹೊತ್ತು. ಕೆಲವು ಸಲ ನಾಲೆಗಳಿಗೂ ಬಂದಿವೆ. ನೀರಿಗೆ ಇಳಿದು ಸಿಕ್ಕ ಗಾಳ ಬಿಡಿಸೋದು, ನೀರಂಚಲ್ಲಿ ಕುಕ್ಕರಗಾಲಲ್ಲಿ ಕೂತು ಮೀನು ತೊಳೆಯೋದು, ಎರಡೂ ಬೇಡ.

ದೊಡ್ಡ ಮೀನು ಅಂದಿರಿ. ಈ ಸೀಮೆಯ ನಿಜವಾದ ದೊಡ್ಡ ಮೀನು ಮಹಶೀರ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನ ಗಾಳದಲ್ಲಿ ಹಿಡಿದಿದ್ದರು, ಸುಮಾರು 54 ಕೆ.ಜಿ. ಅಂಥ ಮೀನಿದ್ದ ಹೊಳೆ ಇದು. ಕಿತ್ತಳೆ ಬಾಲದ, ಬೆನ್ನು ಉಬ್ಬಿದ ಆ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈಗ ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ಎಲ್ಲಾದರೂ ಅದರ ಒಂದು ಮರಿ ನಿಮ್ಮ ಗಾಳಕ್ಕೆ ಸಿಕ್ಕರೆ ನೀರಿಂದ ಮೇಲೆತ್ತದೆ ಬಿಡಿಸಿ ಕಳಿಸಿ. ಇದನ್ನ ನಿಮ್ಮಲ್ಲಿ ಕೇಳಿಕೊಳ್ತೀನಿ.

ಮಳವಳ್ಳಿ ಕಡೆಯ ಮೀನುಗಾರರ ಸಂಘದ ಸದಸ್ಯರಿಂದ:

ಅನುಮತಿ ವಿಷಯ ಯಾರೂ ಹೇಳಲಿಲ್ಲ. ಕೆರೆಗಳನ್ನ ಮೀನುಗಾರಿಕೆ ಇಲಾಖೆ, ಪಂಚಾಯಿತಿಗಳು ಗುತ್ತಿಗೆಗೆ ಕೊಡ್ತವೆ. ಗುತ್ತಿಗೆ ಹಿಡಿದವರು ದುಡ್ಡು ಕಟ್ಟಿ ಮರಿ ಬಿಟ್ಟಿರ್ತಾರೆ, ಕಾವಲು ಇಟ್ಟಿರ್ತಾರೆ. ನಿಮಗೆ ಅದು ಭಾನುವಾರದ ಸಂತೋಷ, ನಮಗೆ ಮನೆ ನಡೆಯೋದು ಅದರಿಂದ. ಕೆರೆಗೆ ಹೋಗೋದಾದರೆ ಗುತ್ತಿಗೆದಾರರನ್ನ ಕೇಳಿ. ಒಂದು ಗಾಳ ಅಂದರೆ ಬಹುತೇಕ ಯಾರೂ ಬೇಡ ಅನ್ನಲ್ಲ, ಕೇಳದೆ ಕೂತರೆ ಬೇಸರ ಆಗುತ್ತೆ. ಹೊಳೆ, ಜಲಾಶಯಕ್ಕೆ ಪರವಾನಗಿ ಪದ್ಧತಿ ಇದೆ. ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು, ತಾಲ್ಲೂಕಿನ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳ ಕಡೆ ಗಾಳ ತಗೊಂಡು ಹೋಗಬೇಡಿ.

ಮದ್ದೂರಿನಿಂದ:

ಸಾಮಾನಿನ ಬಗ್ಗೆ ನಾನು ಹೇಳ್ತೀನಿ. ಶಿಂಷಾ ಮತ್ತು ಅದಕ್ಕೆ ಸೇರೋ ಹಳ್ಳಗಳಲ್ಲಿ ನಾನು ರಾಡು ರೀಲಿನಲ್ಲೇ ಹಿಡಿಯೋದು. ಆರೂವರೆ ಅಡಿಯ ಗಡುಸಾದ ರಾಡು, ಹೆಣೆದ ದಾರ 30 ಪೌಂಡಿನದು. ಇಷ್ಟು ದಪ್ಪ ಯಾಕೆ ಅಂದ್ರೆ, ಕಚ್ಚಿದ ಕೂಡಲೇ ಕೊರಮೀನು ಜೊಂಡಿನ ಬುಡಕ್ಕೆ ನುಗ್ಗುತ್ತೆ, ತೆಳು ದಾರ ತಡೆಯಲ್ಲ. ಮಳೆಗಾಲದಲ್ಲಿ ದೊಡ್ಡ ರಬ್ಬರ್ ಕಪ್ಪೆ ಹಾರಿಸಿಕೊಂಡು ಬಂದರೆ ಸಾಕು. ಈಗ ಚಿಕ್ಕ ಕಪ್ಪೆ ಹಾಕಿ, ಒಂದು ಗೇಣು ಎಳೆದು ನಿಲ್ಲಿಸಿ, ಮನಸ್ಸಲ್ಲೇ ಹತ್ತು ಎಣಿಸಿ, ಮತ್ತೆ ಒಂದು ಗೇಣು. ಎಲೆಯ ಮೇಲೆ ಕೂರಿಸಿ ಮೆಲ್ಲಗೆ ನೀರಿಗೆ ಜಾರಿಸಿದರೆ ಇನ್ನೂ ಒಳ್ಳೇದು. ಮೇಲಿನ ನೀರಲ್ಲಿ ಮುಟ್ಟದಿದ್ದರೆ ಕೈಬೆರಳಿನಷ್ಟು ರಬ್ಬರ್ ಹುಳವನ್ನ ಗುಂಡು ಕಟ್ಟದೆ ಹಾಗೇ ಮುಳುಗಿಸಿ.

ಬೇಸಿಗೆಯಲ್ಲಿ ಕೊರಮೀನು ಹೊಡೆದರೆ ನೀರಿಗೆ ಕಲ್ಲು ಎಸೆದ ಹಾಗೆ ಸದ್ದು ಬರುತ್ತೆ. ಚಳಿಯಲ್ಲಿ ಸದ್ದೇ ಇರಲ್ಲ. ಕಪ್ಪೆ ಇದ್ದ ಕಡೆ ನೀರು ಸ್ವಲ್ಪ ಒಳಕ್ಕೆ ಎಳೆದುಕೊಂಡು ಕಪ್ಪೆ ಮಾಯ. ಆಗ ತಕ್ಷಣ ಜಗ್ಗಬೇಡಿ. ಬಾಯಲ್ಲಿ ಹಿಡಿದು ತಿರುಗೋಕೆ ಬಿಡಿ, ದಾರ ಬಿಗಿಯಾದಾಗ ಒಂದೇ ಸಲ ಎತ್ತಿ. ಹಲ್ಲು ಚೂಪು, ಬಾಯಿಗೆ ಬೆರಳು ಹಾಕಬೇಡಿ.

ಒಂದು ಕಿವಿಮಾತು, ಮುಂದಿನ ಮಳೆಗಾಲಕ್ಕೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಎರಡೂ ಕಾವಲಿರ್ತವೆ. ಕೋಪಕ್ಕೆ ಎದುರು ಬಂದದ್ದನ್ನೆಲ್ಲಾ ಕಚ್ಚುತ್ತವೆ, ಹಿಡಿಯೋದು ಸುಲಭ. ಅವುಗಳನ್ನ ಹಿಡಿದರೆ ಅಷ್ಟೂ ಮರಿ ಬೇರೆ ಮೀನಿನ ಬಾಯಿಗೆ. ನಾನು ಆಗ ಕೊರಮೀನಿಗೆ ಗಾಳ ಹಾಕೋದನ್ನ ಬಿಟ್ಟೇಬಿಟ್ಟಿದ್ದೀನಿ. ಚಳಿಗಾಲದಲ್ಲಿ ಮರಿ ಕಾಯೋ ಕೆಲಸ ಮುಗಿದಿರುತ್ತೆ, ಕಷ್ಟಪಟ್ಟು ಹಿಡಿದ ಮೀನನ್ನ ನೆಮ್ಮದಿಯಾಗಿ ಮನೆಗೆ ತಗೊಂಡು ಹೋಗಬಹುದು. ಅದಕ್ಕೇ ನನಗೆ ಈ ಕಾಲವೇ ಹೆಚ್ಚು ಇಷ್ಟ.

ನಂಜನಗೂಡಿನಿಂದ:

ತುಂಡಾದ ದಾರ ಬಿಟ್ಟು ಬರಬೇಡಿ ದಯವಿಟ್ಟು. ಈ ತಿಂಗಳುಗಳಲ್ಲಿ ಹದಿನಾರು ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿರ್ತವೆ, ಕುಯ್ದ ಗದ್ದೆ, ಕೆರೆಯಂಚುಗಳಲ್ಲಿ ಮೇಯ್ತವೆ. ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳೋಕೆ ಆಗಲ್ಲ. ಒಂದು ಚಿಕ್ಕ ಡಬ್ಬಿ ಇಟ್ಟುಕೊಂಡು ತುಂಡುಗಳನ್ನ ಅದರಲ್ಲಿ ಹಾಕಿ ಮನೆಗೆ ತನ್ನಿ.

ಮಂಡ್ಯದಿಂದ, ಕೇಳಿದವರು:

ಇಷ್ಟು ವಿವರ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಹಳ್ಳದ ಉತ್ತರದ ದಡದಲ್ಲಿ ಜೊಂಡು ದಟ್ಟವಾಗಿದೆ, ನಾನು ಇಷ್ಟು ದಿನ ಕೂರುತ್ತಿದ್ದದ್ದು ಎದುರಿನ ನೆರಳಲ್ಲಿ. ಈ ಭಾನುವಾರ ಹತ್ತೂವರೆಗೆ, ಚಿಕ್ಕ ಕಪ್ಪೆ ಮತ್ತು ಎರೆಹುಳ ಎರಡನ್ನೂ ತೆಗೆದುಕೊಂಡು ಹೋಗುತ್ತೇನೆ. ನಾಲೆಯ ಗುಂಡಿಗಳನ್ನೂ ನೋಡುವ ಆಸೆ ಇದೆ.

ಮಂಡ್ಯ ತಾಲ್ಲೂಕಿನ ರೈತರಿಂದ:

ಅಳ್ಳಕ್ಕೆ ಓಗಿ ಸಾರ್, ನಾಲೆ ಗುಂಡಿಗೆ ಈ ವಾರ ಬ್ಯಾಡ. ನಮ್ಮ ಕಡೆ ಕಟ್ಟು ಮುಗುದು ನೀರು ಬುಡೋ ದಿನ ಅತ್ರ ಬಂದದೆ. ನೀರು ಬುಟ್ರೆ ಖಾಲಿ ನಾಲೆ ನೋಡ್ ನೋಡ್ತಿದ್ದಂಗೆ ತುಂಬ್ತದೆ, ಸಿಮೆಂಟ್ ದಡ ಪಾಚಿ ಕಟ್ಟಿ ಜಾರ್ತದೆ, ಅತ್ತಕ್ಕಾಗಕಿಲ್ಲ. ನೀರಗಂಟಿಗೆ ಫೋನ್ ಮಾಡಿ ದಿನ ಕೇಳ್ಕಂಡು, ಮುಂದಿನ ಸಲ ನಿಲ್ಸಿದಾಗ ಜೊತೆಗೊಬ್ಬರ್ನ ಕರ್ಕೊಂಡೋಗಿ.